ಒಬ್ಬರ ಕೈಗೇ ಹಾಲು ಕೊಡುವ ಮೋಡೆಮ್

ಅಳತೆಪ್ಪನಿಗೆ ಆ ಅಡ್ಡಹೆಸರು ಇಟ್ಟವರು ಯಾರೋ, ಸ್ವಂತ ಹೆಸರು ಏನಿತ್ತೋ, ಈಗ ಕೇಳಿದರೆ ಅವನೇ ತಲೆ ಕೆರೆದುಕೊಳ್ಳುತ್ತಾನೆ. ಅಣೆಕಟ್ಟಿನ ಮೇಲಿನ ಒಂಟಿ ಕೋಣೆಯಲ್ಲಿ ಅವನ ವಾಸ. ಬೆಳಿಗ್ಗೆ ಎದ್ದು ಗೋಡೆಗೆ ಬಡಿದ ಅಳತೆಪಟ್ಟಿ ನೋಡಿ, ನೀರಿನ ಮಟ್ಟವನ್ನು ಕಂಪ್ಯೂಟರಿನಲ್ಲಿ ಒತ್ತಿ, ಮೋಡೆಮ್ ಮೂಲಕ ಫೋನ್ ತಂತಿಯಲ್ಲಿ ಪಟ್ಟಣದ ಕಚೇರಿಗೆ ಕಳಿಸುವುದು ಕೆಲಸ. ಅದು ಮುಗಿದರೆ ಇಡೀ ದಿನ ಬಾಯಿಗೆ ರಜಾ. ರೇಷನ್ ತರುವ ಜೀಪಿನ ಡ್ರೈವರನಾದರೂ ನಿಲ್ಲುತ್ತಾನೆಯೇ ಎಂದರೆ, ಎಂಜಿನ್ ಆರಿಸದೆ ಮೂಟೆ ಇಳಿಸಿ ಹೋಗುವ ಆಸಾಮಿ ಅವನು. ಮಾತಿಲ್ಲದೆ ಅಳತೆಪ್ಪನ ನಾಲಿಗೆ ಎಷ್ಟು ಒಣಗಿತ್ತೆಂದರೆ, ಅದರ ಮೇಲೆ ಅಂಚೆಚೀಟಿ ಇಟ್ಟರೂ ಅಂಟುತ್ತಿರಲಿಲ್ಲ.

ಹೀಗಿರುವಾಗ ಕಚೇರಿಯವರಿಗೆ ಹೊಸ ಹುರುಪು ಬಂತು. ಎಲ್ಲ ಕಂಪ್ಯೂಟರಿಗೂ ಹಳೆಯ ಸಿಸ್ಟಮ್ ತೆಗೆದು ಲಿನಕ್ಸ್ ಎಂಬ ಹೊಸ ಸಿಸ್ಟಮ್ ಹಾಕಿ ಎಂದರು. ಟೆಕ್ನಿಷಿಯನ್ ಬಂದು ಹಾಕಿದರು.

"ಇದೇನ್ ಸಾರ್, ಪರದೆ ಮೇಲೆ ಬಿಳಿ ಹೊಟ್ಟೆ ಹಕ್ಕಿ ಬಂದು ಕೂತ್ಕೊಂಡ್ತು?"

"ಅದು ಇದರ ಗುರುತು ಕಣಪ್ಪ. ಇದು ಎಲ್ಲರ ಸೊತ್ತು. ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು, ತಿದ್ಬೋದು. ಮುಚ್ಚುಮರೆ ಇಲ್ಲ."

ಹಾಗೆಂದವರು ಮಧ್ಯಾಹ್ನದವರೆಗೂ ಬೆವರು ಒರೆಸಿಕೊಂಡರು. ಮೋಡೆಮ್ ಮಾತ್ರ ಉಸಿರೆತ್ತಲಿಲ್ಲ. ಕೊನೆಗೆ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಮೋಡೆಮ್ ಕಾರ್ಡನ್ನು ಕಿತ್ತು ಬೆಳಕಿಗೆ ಹಿಡಿದರು.

"ಥತ್! ಇದು ಅರೆ ಮೋಡೆಮ್. ಸ್ವಂತ ತಲೆನೇ ಇಲ್ಲ. ಇಷ್ಟು ದಿನ ಇದರ ಕೆಲಸ ಎಲ್ಲ ಹಳೇ ಸಿಸ್ಟಮ್ಮೇ ಮಾಡ್ಕೊಡ್ತಿತ್ತು. ಆ ಗುಟ್ಟನ್ನ ಇದನ್ನ ತಯಾರಿಸಿದ ಕಂಪನಿಯವರು ಬಿಟ್ಟುಕೊಟ್ಟಿಲ್ಲ. ಲಿನಕ್ಸ್ ಪಾಪ ಏನ್ ಮಾಡುತ್ತೆ?"

"ಹಾಗಂದ್ರೆ ಒಬ್ಬರ ಕೈಗೇ ಹಾಲು ಕೊಡೋ ಎಮ್ಮೆ ಅನ್ನಿ. ಕೈ ಬದಲಾದ್ರೆ ಒದೆಯುತ್ತೆ."

"ಒದ್ದಿದ್ರೆ ಜೀವ ಇದೆ ಅಂತಾದ್ರೂ ಗೊತ್ತಾಗ್ತಿತ್ತು! ಸ್ವಂತ ತಲೆ ಇರೋ ಮೋಡೆಮ್ ಕಳಿಸ್ತೀನಿ, ಹೊರಗಿನಿಂದ ಚುಚ್ಚೋದು. ಅಲ್ಲಿವರೆಗೆ ದಿನಾ ಫೋನ್ ಮಾಡಿ ಬಾಯಲ್ಲೇ ಹೇಳು."

ಮರುದಿನ ಫೋನ್ ಮಾಡಿದರೆ ಆ ಕಡೆ ಒಬ್ಬ ಹೆಂಗಸಿನ ದನಿ. "ಮಟ್ಟ ಹೇಳಿ, ಬರ್ಕೋತೀನಿ."

"ಹೇಳ್ತೀನಿ ಅಕ್ಕಾ, ಅವಸರ ಏನು? ನೀರು ಎಲ್ಲಿಗೂ ಓಡಿ ಹೋಗಲ್ಲ. ಹೋಗ್ಬಾರ್ದು ಅಂತ ತಾನೇ ಇಷ್ಟು ದೊಡ್ಡ ಗೋಡೆ ಕಟ್ಟಿರೋದು?"

ಆ ಕಡೆಯಿಂದ ಕಿಸಕ್ಕನೆ ನಗು. ಅಳತೆಪ್ಪ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ತನ್ನ ಮಾತಿಗೆ ಯಾರಾದರೂ ನಕ್ಕು ಯಾವ ಕಾಲವಾಗಿತ್ತೋ! ಅಂದಿನಿಂದ ಫೋನ್ ಮಾಡುವ ಮುಂಚೆ ಅವನು ಮುಖ ತೊಳೆದು ತಲೆ ಬಾಚಿಕೊಳ್ಳತೊಡಗಿದ.

"ಅಕ್ಕಾ, ನಿನ್ನೆ ಎಂಥ ಮೀನು ಅಂತೀರಿ! ಅದು ಮಗ್ಗುಲು ಬದಲಾಯಿಸಿದ್ದಕ್ಕೆ ನೀರು ಒಂದು ಗೆರೆ ಮೇಲಕ್ಕೆ ಬಂತು."

"ಹಾಗಾದ್ರೆ ನಾನು ಯಾವ ಗೆರೆ ಬರ್ಕೊಳ್ಳಲಿ? ನೀರಿಂದೋ, ಮೀನಿಂದೋ?"

"ತಡೀರಿ, ಮೀನಿಗೇ ಕೇಳಿ ಹೇಳ್ತೀನಿ."

"ನಿಮ್ಮ ಬಾಯಿಗೆ ಬೀಗ ಹಾಕೋರು ಯಾರೂ ಇಲ್ವಾ ಮನೇಲಿ?"

"ಇದ್ದಿದ್ರೆ ನಿಮ್ಮ ತಲೆ ಯಾಕೆ ತಿಂತಿದ್ದೆ ಅಕ್ಕಾ?"

ಆಮೇಲೆ ಅಕ್ಕ ಮೆಲ್ಲಗೆ, "ಸರಿ, ಮಟ್ಟ ಹೇಳಿ" ಎನ್ನುತ್ತಿದ್ದಳು.

ಒಂದು ದಿನ ಜೀಪಿನ ಡ್ರೈವರ್ ಅಕ್ಕಿಮೂಟೆಯ ಜೊತೆ ಒಂದು ರಟ್ಟಿನ ಡಬ್ಬ ಎಸೆದ. "ಮೋಡೆಮ್ ಅಂತೆ. ಹಿಂದುಗಡೆ ಚುಚ್ಚಿದ್ರೆ ಸಾಕಂತೆ, ಲಿನಕ್ಸ್ ತಾನೇ ಗುರುತು ಹಿಡಿಯುತ್ತಂತೆ."

ಅಳತೆಪ್ಪ ಡಬ್ಬವನ್ನು ಬಿಚ್ಚಲಿಲ್ಲ. ಮಂಚದ ಕೆಳಗೆ ತಳ್ಳಿ, ಮೇಲೆ ಹಳೆಯ ಕಂಬಳಿ ಹೊದಿಸಿದ. ಹೊಸ ಮೋಡೆಮ್ ಒಪ್ಪಿತೇ ಎಂದು ಟೆಕ್ನಿಷಿಯನ್ ಫೋನಿನಲ್ಲಿ ಕೇಳಿದರೆ, "ಎಲ್ಲಿ ಸಾರ್! ಮಾವನ ಮನೆಗೆ ಬಂದ ಅಳಿಯನ ಥರ ಕಣ್ಣು ಮಿಟುಕಿಸುತ್ತೆ, ಬಾಯಿ ಬಿಡಲ್ಲ" ಎಂದ. ಅವನು ಹೇಳಿದ ಸುಳ್ಳುಗಳನ್ನು ಗುಡ್ಡೆ ಹಾಕಿದರೆ ಅಣೆಕಟ್ಟೇ ಕುಳ್ಳಗೆ ಕಾಣಬೇಕು. ಆದರೆ ಬಾಗಿಲು ಹಾಕಿಕೊಂಡು ಹೇಳಿದ ಸುಳ್ಳು ಅದೊಂದೇ.

ಹೀಗೆ ದಿನ ಸಾಗುತ್ತಿರಲು, ಒಂದು ಬೆಳಿಗ್ಗೆ ಅಕ್ಕ ನಗಲಿಲ್ಲ. ಒಳ್ಳೆಯ ಕಥೆಯೇ ಇತ್ತು, ಆಮೆಯ ಬೆನ್ನೇರಿ ಆಚೆ ದಡಕ್ಕೆ ಹೋಗಿ ಬಂದದ್ದು. ಆದರೂ ನಗಲಿಲ್ಲ.

"ಯಾಕಕ್ಕಾ, ಮೈ ಸರಿ ಇಲ್ವಾ?"

"ಮಗಳಿಗೆ ದಿನ ತುಂಬ್ತಾ ಬಂತು. ಮೊದಲನೇ ಹೆರಿಗೆ. ಅಮ್ಮಾ ಬಾ, ಭಯ ಆಗುತ್ತೆ ಅಂತಾಳೆ. ಸಾಹೇಬ್ರು ಬಿಡ್ತಿಲ್ಲ."

"ಯಾಕಂತೆ?"

"ಬಾಕಿ ಕಡೆಯಿಂದೆಲ್ಲ ಮಟ್ಟ ಯಂತ್ರಕ್ಕೇ ಬಂದು ಬೀಳುತ್ತೆ. ನಿಮ್ಮದೊಂದು ಬರ್ಕೊಳ್ಳೋಕೆ ಜನ ಬೇಕಲ್ಲ? ಆ ಹಾಳು ಮೋಡೆಮ್ ಒಪ್ಪಿದ ದಿನ ಹೊರಡಮ್ಮ, ಮಗಳ ಊರಿನ ಕಚೇರಿಗೇ ಹಾಕ್ತೀನಿ ಅಂದಿದಾರೆ. ಹೋಗ್ಲಿ ಬಿಡಿ, ಪಾಪ, ನಿಮ್ಮ ಕೈಲಿ ಏನಿದೆ?"

ಅಳತೆಪ್ಪ ಮಂಚದ ಕಡೆ ನೋಡಿದ. ಕಂಬಳಿ ಜಾರಿ ಡಬ್ಬದ ಒಂದು ಮೂಲೆ ಕಾಣುತ್ತಿತ್ತು. ನಾಳೆ ಒಪ್ಪಿತು ಎಂದರೆ ಆಗದೇ? ಇನ್ನೊಂದು ನಾಲ್ಕು ದಿನ? ಅವನ ಬಳಿ ಹೇಳದ ಕಥೆ ಎಷ್ಟೋ ಉಳಿದಿತ್ತು.

"ಅಳತೆಪ್ಪಾ, ಲೈನಲ್ಲಿ ಇದೀರಾ?"

"ಇದೀನಕ್ಕಾ." ಕಾಲಿನಿಂದಲೇ ಡಬ್ಬವನ್ನು ಈಚೆಗೆ ಎಳೆದುಕೊಂಡ. "ಈ ಮೋಡೆಮ್ ಇವತ್ತು ಯಾಕೋ ನನ್ನ ಮುಖ ನೋಡ್ತಾ ಇದೆ. ಒಪ್ಪೋ ಹಾಗೆ ಕಾಣುತ್ತೆ."

"ತಮಾಷೆ ಬೇಡ ಕಣ್ರೀ, ಇವತ್ತೊಂದಿನ."

"ತಮಾಷೆ ಅಲ್ಲ. ನಿಮ್ಮ ಮಗಳ ವಿಷಯ ಕೇಳಿಸ್ಕೊಂಡಿರ್ಬೇಕು. ಹೋಗಿ, ಬಟ್ಟೆ ಜೋಡಿಸ್ಕೊಳ್ಳಿ."

"ಅಯ್ಯೋ, ಮಟ್ಟ ಹೇಳಲೇ ಇಲ್ಲ!"

"ಅದು ಇನ್ನು ತಂತಿಲೇ ಬರುತ್ತೆ ಅಕ್ಕಾ."

ಡಬ್ಬ ಬಿಚ್ಚಿ ಚುಚ್ಚಿದ. ಲಿನಕ್ಸ್ ಒಂದು ಮಾತೂ ಕೇಳದೆ ಅದನ್ನು ಒಪ್ಪಿಕೊಂಡಿತು. ಒಂದಿಷ್ಟು ಸತಾಯಿಸಿದ್ದರೂ ಅವನಿಗೆ ಸಮಾಧಾನವಾಗುತ್ತಿತ್ತು. ಮೋಡೆಮ್ ಕೀಚ್ ಎಂದಿತು, ಖರ್ ಎಂದಿತು. ಆ ಕಡೆಯ ಯಂತ್ರ ಸಿಕ್ಕ ಕೂಡಲೇ ದನಿ ನಿಲ್ಲಿಸಿತು. ಅವೆರಡೂ ಅವನಿಗೆ ಕೇಳಿಸದ ಹಾಗೆ ಏನೋ ಮಾತಾಡಿಕೊಂಡವು. ಪರದೆಯ ಮೇಲೆ 'ತಲುಪಿದೆ' ಎಂದು ಬಂತು. ಕೆಲಸ ಮುಗಿಯಿತು, ಚಹಾ ಇನ್ನೂ ಬಿಸಿಯಾಗಿಯೇ ಇತ್ತು.

ಅಕ್ಕ ಹೊರಟು ಹೋದಳು. ಅವಳ ಮೇಜಿನ ಫೋನ್ ಲೈನನ್ನೂ ಯಂತ್ರಕ್ಕೇ ಜೋಡಿಸಿದರು. ಇದು ಅಳತೆಪ್ಪನಿಗೆ ಗೊತ್ತಿತ್ತು, ಟೆಕ್ನಿಷಿಯನ್ನೇ ಹೇಳಿದ್ದರು. ಆದರೂ ಕೆಲವು ವಾರ ತಡೆದು, ಒಂದು ಮಧ್ಯಾಹ್ನ ತಡೆಯಲಾರದೆ ಆ ನಂಬರಿಗೆ ಫೋನ್ ಮಾಡಿದ. ಎರಡು ಸಲ ರಿಂಗಾಗಿ ಆ ಕಡೆ ಎತ್ತಿತು.

"ಅಕ್ಕ ಇಲ್ಲ ಅಂತ ಗೊತ್ತು" ಎಂದ. "ಮಗು ಗಂಡೋ ಹೆಣ್ಣೋ, ಅಷ್ಟು ಹೇಳಿದ್ರೆ ಸಾಕಿತ್ತು."

ಕೀಂಯ್ ಎಂದು ಯಂತ್ರ ಕಿರುಚಿತು. ಅವನು ಕಿವಿಯಿಂದ ದೂರ ಮಾಡಲಿಲ್ಲ. ಉಸಿರು ಕಟ್ಟಿ ಕಿರುಚಿತು, ಬಿಕ್ಕಿತು, ಮತ್ತೆ ಕಿರುಚಿತು. ಕೇಳಿದ್ದಕ್ಕೆ ತನ್ನಂಥ ಯಂತ್ರದ ಉತ್ತರ ಸಿಗದೆ ಸುಸ್ತಾಗಿ ತಾನೇ ಫೋನ್ ಇಟ್ಟಿತು.

"ಹೆಣ್ಣು" ಎಂದ ಅಳತೆಪ್ಪ, ಖಾಲಿ ಕೋಣೆಗೆ. "ಎಂಥ ಗಂಟಲು!"