ಕಂಬಳಿಯ ಕೆಳಗಿನ ಕಾಲು

ಸಿದ್ದಕ್ಕನಿಗೆ ಮೊದಲು ಸಿಟ್ಟು ಬಂದದ್ದು ಮೈದುನನ ಮೇಲೆ, ಆಮೇಲೆ ತನ್ನ ಮೇಲೆ. ಡಾಕ್ಟರ ಮೇಲೆ ಬಂದದ್ದು ಕೊನೆಗೆ. ಅದು ಮಾತ್ರ ಇಳಿಯಲೇ ಇಲ್ಲ.

ಗಂಡ ಚಿತ್ರಲಿಂಗಪ್ಪನ ಕಿಡ್ನಿ ಕೈಕೊಟ್ಟ ಮೇಲೆ ಮದಕರಿಪುರದಿಂದ ದುರ್ಗದ ಒಂದು ಖಾಸಗಿ ಆಸ್ಪತ್ರೆಗೆ ಡಯಾಲಿಸಿಸ್ಸಿನ ಓಡಾಟ. ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ದಿನವಿಡೀ ಕುರಿ ಹಿಂದೆ ನಡೆದವನಿಗೆ ಈಗ ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತಿತ್ತು, ನಡೆದರೆ ಮತ್ತೆ ಹಿಡಿಯುತ್ತಿತ್ತು. ಬಲಪಾದವಂತೂ ಬಿಸಿಲಲ್ಲೂ ತಣ್ಣಗೆ.

"ಸಾರ್, ಇವ್ರ ಕಾಲು ತಣ್ಣಗೈತೆ, ಒಂಚೂರು ನೋಡ್ರಿ" ಎಂದು ಸಿದ್ದಕ್ಕ ಹೋದಾಗಲೆಲ್ಲ ಗೋಗರೆದಳು.

"ಡಯಾಲಿಸಿಸ್ ಪೇಷೆಂಟಿಗೆ ಇದೆಲ್ಲ ಮಾಮೂಲು ಕಣಮ್ಮ" ಎನ್ನುತ್ತ ಡಾಕ್ಟರು ಮಿಷನ್ನಿನ ಮೇಲೊಮ್ಮೆ ಕಣ್ಣಾಡಿಸಿ ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಕಂಬಳಿಯ ಕೆಳಗೆ ಕಾಲುಗಳೂ ಇರುತ್ತವೆ ಎನ್ನುವುದು ಆ ಮಹಾನುಭಾವರಿಗೆ ಮರೆತೇ ಹೋಗಿತ್ತೇನೋ!

ಕಡೆಗೆ ಮೈದುನ ಕಾಟಲಿಂಗಪ್ಪ ಕುಡುಗೋಲು ಕಾಯಿಸಿದ. ಕುಂಟುವ ಕುರಿಗೆ ಬರೆ ಹಾಕುವುದರಲ್ಲಿ ಅವನದು ಎತ್ತಿದ ಕೈ. "ಅಣ್ಣಂಗೂ ಒಂದು ಎಳ್ದುಬಿಡಾಣ ಅತ್ತಿಗೆ, ರಕ್ತ ಓಡಾಡ್ತೈತೆ" ಎಂದ. ಸಿದ್ದಕ್ಕ ಕಾಲನ್ನು ಒತ್ತಿ ಹಿಡಿದಳು. ಪಾದದ ಚರ್ಮ ಚುರ್ರೆಂದಿತು. ಚಿತ್ರಲಿಂಗಪ್ಪ ಕಾಲು ಎಳೆದುಕೊಳ್ಳಲೂ ಇಲ್ಲ.

"ಭಲೇ! ಗಂಡಸು ಅಂದ್ರೆ ನಮ್ಮಣ್ಣ" ಎಂದು ಕಾಟಲಿಂಗಪ್ಪ ಹಿಗ್ಗಿದ. ಸಿದ್ದಕ್ಕನೂ ಹಿಗ್ಗಿದಳು. ಬರೆ ಬಿದ್ದರೂ ಕಾಲು ಜಾಡಿಸದ ಕುರಿ ಇನ್ನು ಉಳಿಯದೆಂದು ಹಟ್ಟಿಯವರು ಆಸೆ ಬಿಟ್ಟುಬಿಡುವುದನ್ನು ಚಿಕ್ಕಂದಿನಿಂದ ಕಂಡವಳು. ಅಂದು ಆ ಬುದ್ಧಿ ಎಲ್ಲಿ ಹಾಳಾಗಿ ಹೋಗಿತ್ತೋ!

ಬರೆ ಮಾಯಲಿಲ್ಲ, ಬೆರಳುಗಳು ಕಪ್ಪಾದವು. ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೊತ್ತೊಯ್ದರೆ, ಅಲ್ಲಿಯ ಡಾಕ್ಟರು ರಕ್ತನಾಳ ಕಟ್ಟಿಹೋಗಿದೆ, ಮೊದಲೇ ಬಂದಿದ್ದರೆ ಬಿಡಿಸಬಹುದಿತ್ತು ಎಂದರು. ಮೊಣಕಾಲ ಕೆಳಗೆ ಕಾಲು ತೆಗೆದರು.

ಮತ್ತೆ ದುರ್ಗದ ಹಾಸಿಗೆಗೆ ಬಂದಾಗ ಅದೇ ಡಾಕ್ಟರು ಬೆಂಕಿಯಾದರು. "ಬರೆ ಹಾಕಿದ್ರಂತಲ್ಲ! ನೀವೇನು ಮನುಷ್ಯರಾ? ಕೈಯಾರೆ ಕಾಲು ಕಳೆದ್ರಲ್ಲ!"

ಚಿತ್ರಲಿಂಗಪ್ಪ ತಲೆ ತಗ್ಗಿಸಿದ. ಸಿದ್ದಕ್ಕ ತಗ್ಗಿಸಲಿಲ್ಲ.

"ಹೌದ್ರಿ, ಹಾಕಿದ್ವಿ. ಆ ಪಾಪ ಸಾಯೋಗಂಟ ನಂದೇ. ನಾವು ಕುರಿ ಕಾಯೋರು. ಕಾಲು ಮುಟ್ಟಿದ್ವಿ, ತಣ್ಣಗಿತ್ತು, ನಮಗೆ ಗೊತ್ತಿದ್ದು ಮಾಡಿದ್ವಿ. ನೀವು ಮುಟ್ಟಿದ್ರಾ? ಒಂದಿನನಾದ್ರೂ?"

ಕಂಬಳಿಯನ್ನು ಸರ್ರನೆ ಎಳೆದಳು. ಡಾಕ್ಟರ ಮುಂಗೈ ಹಿಡಿದು, ಉಳಿದಿದ್ದ ಎಡಪಾದದ ಮೇಲೆ ಒತ್ತಿದಳು. "ಇದೊಂದು ಉಳಿದೈತೆ. ಮುಟ್ರಿ!"

ನರ್ಸು ಬೈಯುತ್ತ ಓಡಿ ಬಂದಳು. ಸಿದ್ದಕ್ಕ ಕೈ ಬಿಡಲಿಲ್ಲ.

ಡಾಕ್ಟರ ಬೆರಳು ಪಾದದ ಮೇಲೆ ನಾಡಿ ಹುಡುಕಿತು. ಹಿಮ್ಮಡಿಯ ಪಕ್ಕಕ್ಕೆ ಸರಿಯಿತು, ಮತ್ತೆ ಮೇಲಕ್ಕೆ ಬಂತು. ಅವರ ಮುಖದ ಸಿಟ್ಟು ಇಳಿದುಹೋಯಿತು.

"ಬಾಯಿಬಿಟ್ಟು ಹೇಳ್ರಿ ಸಾರ್. ಇದೂ ತಣ್ಣಗೈತಾ?"

"ಹೂಂ" ಎಂದರು ಡಾಕ್ಟರು. "ಇವತ್ತೇ ದಾವಣಗೆರೆಗೆ ಹೊರಡಿ. ಇದನ್ನ ಇನ್ನೂ ಉಳಿಸ್ಬಹುದು. ನಾನೇ ಫೋನ್ ಮಾಡ್ತೀನಿ."

ಸಿದ್ದಕ್ಕ ಆಗ ಕೈ ಬಿಟ್ಟಳು. ಪಕ್ಕದ ಹಾಸಿಗೆಯ ಮುದುಕಿ ಯಾರೂ ಹೇಳದೆಯೇ ತನ್ನ ಕಂಬಳಿ ಸರಿಸಿ ಡಾಕ್ಟರ ಕಡೆಗೆ ಕಾಲು ಚಾಚಿದಳು.