ಹಿಂದಿನ ಬೆಂಚಿನ ಮೇಡಂ

ಅವರು ಪಾಠ ಹೇಳುತ್ತಿದ್ದದ್ದು ಕೊಠಡಿಯ ಹಿಂದಿನಿಂದ. ಕರಿಹಲಗೆಯನ್ನು ಅದರ ಪಾಡಿಗೆ ಬಿಟ್ಟು, ಕೊನೆಯ ಬೆಂಚಿಗೂ ಗೋಡೆಗೂ ನಡುವೆ ಉಳಿದ ಒಂದಿಷ್ಟು ಜಾಗದಲ್ಲಿ ಅತ್ತಿಂದಿತ್ತ ಓಡಾಡುತ್ತ, ಅರ್ಥಶಾಸ್ತ್ರವನ್ನು ಮಕ್ಕಳ ಬೆನ್ನಿಗೆ ಹೇಳುತ್ತಿದ್ದರು. ರಬ್ಬರ್ ಅಟ್ಟೆಯ ಬೂಟು, ಹೆಜ್ಜೆಯ ಸಪ್ಪಳವೇ ಇಲ್ಲ. ದನಿ ಎಡಗಿವಿಯ ಹತ್ತಿರ ಕೇಳಿತೆಂದು ಕತ್ತು ಹೊರಳಿಸಿದರೆ ಅಷ್ಟರಲ್ಲಿ ಅದು ಬಲಕ್ಕೆ ದಾಟಿರುತ್ತಿತ್ತು. ತಿರುಗಿ ನೋಡಿದವರಿಗೆ ಸಿಗುತ್ತಿದ್ದದ್ದು ಒಂದೇ ಮಾತು: "ನನ್ನ ಮುಖದಲ್ಲಿ ಏನೂ ಬರೆದಿಲ್ಲಪ್ಪ, ಮುಂದೆ ನೋಡು." ಮುಂದೆ ನೋಡಿದರೆ ಬರಿಯ ಹಲಗೆ.

ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿಗೆಂದು ನಮ್ಮ ಕಾಲೇಜು ಶನಿವಾರಗಳಂದು ನಡೆಸುತ್ತಿದ್ದ ತರಗತಿ ಅದು. ಹೆಸರಿಗೆ ಪೂರ್ವಸಿದ್ಧತೆ, ಪಾಠ ಕಾಲೇಜಿನ ಮೊದಲ ವರ್ಷದ್ದೇ, ಪರೀಕ್ಷೆಯೂ ಅದೇ. ಪಾಸಾದವರು ಕಾಲೇಜು ಸೇರಿದ ಮೇಲೆ ಆ ವಿಷಯವನ್ನು ಮತ್ತೆ ಓದಬೇಕಾಗಿರಲಿಲ್ಲ. ಇನ್ನೊಂದು ತಂಡಕ್ಕೆ ಪಕ್ಕದ ಕೊಠಡಿಯಲ್ಲಿ ಅದೇ ಪಾಠವನ್ನು ನಾನು ಹೇಳುತ್ತಿದ್ದೆ. ನನ್ನದು ಹಲಗೆಯ ತುಂಬ ಬರೆದು ಅಡಿಗೆರೆ ಎಳೆಯುವ ಪದ್ಧತಿ. ಅವರ ಲೆಕ್ಕದಲ್ಲಿ ಅದು ಕಾಲೇಜಿಗೆ ಸಿದ್ಧತೆಯಲ್ಲ, ಹೈಸ್ಕೂಲಿನ ಇನ್ನೊಂದು ವರ್ಷ.

"ಕಾಲೇಜಲ್ಲಿ ಬರ್ತಾರೆ, ಮಾತಾಡ್ತಾರೆ, ಹೋಗ್ತಾರೆ ಕಣ್ರೀ. ಅದರಲ್ಲಿ ತನಗೇನು ಬೇಕು ಅಂತ ಆರಿಸ್ಕೊಳ್ಳೋಕೆ ಬರದೇ ಇದ್ರೆ ಮೊದಲ ವರ್ಷವೇ ಮುಗ್ಗರಿಸಿ ಬೀಳ್ತಾರೆ," ಎನ್ನುತ್ತಿದ್ದರು. ಮಕ್ಕಳು ಅವರಿಗಿಟ್ಟ ಹೆಸರು ಹಿಂದಿನ ಬೆಂಚಿನ ಮೇಡಂ. ಅದು ಅವರಿಗೆ ಗೊತ್ತಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು.

ಹೊರಗೆ ಅವರನ್ನು ದೂರದಿಂದಲೇ ಗುರುತಿಸಬಹುದಾಗಿದ್ದದ್ದು ಕೋಟಿನಿಂದ. ಅಣ್ಣನ ಹಳೆಯ ಬೂದು ಕೋಟು. ತೋಳು ಉದ್ದವಾಗಿ, ಎರಡು ಮಡಿಕೆ ಮಡಿಸಿದರೂ ಬೆರಳ ತುದಿ ಮಾತ್ರ ಕಾಣುತ್ತಿತ್ತು. ಗಿಡ್ಡ ಮಾಡಿಸಿಕೊಳ್ಳಿ ಎಂದು ನಾವೆಲ್ಲ ಹೇಳಿ ಸೋತಿದ್ದೆವು. "ಅವನು ಯಾವತ್ತಾದ್ರೂ ವಾಪಸ್ ಕೇಳಿದ್ರೆ?" ಎನ್ನುವುದು ಅವರ ಉತ್ತರ. ಅಣ್ಣ ಅದನ್ನು ಮರೆತು ಎಷ್ಟೋ ಕಾಲವಾಗಿತ್ತು.

ಆ ವರ್ಷದ ತಂಡದಲ್ಲಿ ಒಬ್ಬ ಟೈಲರ್‌ನ ಮಗಳಿದ್ದಳು. ಮುಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಿದ್ದಳು. ಕಾಲೇಜು ಓದಿದವರು ಅವರ ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಕಟುಕನಲ್ಲ, ಆದರೆ ತನಗೆ ತಿಳಿಯದ ವಿಷಯದಲ್ಲಿ ತೀರ್ಮಾನವನ್ನು ತಿಳಿದವರಿಗೇ ಬಿಡುವ ಮನುಷ್ಯ. "ಇವಳ ಕೈಲಿ ಆಗುತ್ತೋ ಇಲ್ವೋ ಕಾಲೇಜಿನವರೇ ಹೇಳ್ಲಿ. ಈ ಪರೀಕ್ಷೆ ಪಾಸಾದ್ರೆ ಕಾಲೇಜು, ಇಲ್ಲಾಂದ್ರೆ ಅಂಗಡೀಲಿ ಮೆಷಿನ್ ಇದ್ದೇ ಇದೆ," ಎಂದುಬಿಟ್ಟಿದ್ದ.

ಹುಡುಗಿ ಹೆದರಿ, ಕಿವಿಗೆ ಬಿದ್ದದ್ದನ್ನೆಲ್ಲ ಬರೆಯತೊಡಗಿದಳು. ಮೇಡಂ ಒಂದು ದಿನ ಅವಳ ಹಾಳೆಯನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು: "ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ, ಆ ಕಿಟಕಿ ಹಾಕಮ್ಮ, ಗಾಳಿ ಬರ್ತಿದೆ." ತರಗತಿಯೆಲ್ಲ ಗೊಳ್ಳೆಂದಿತು. ಹುಡುಗಿಯೂ ನಕ್ಕಳು, ಕಣ್ಣು ಮಾತ್ರ ನಗಲಿಲ್ಲ. ಮೊದಲ ಕಿರುಪರೀಕ್ಷೆಯಲ್ಲಿ ಫೇಲಾದಳು. ಮುಂದಿನ ಶನಿವಾರ ಬರಲಿಲ್ಲ, ಅದರ ಮುಂದಿನ ಶನಿವಾರವೂ.

"ಅಚ್ಚು ಹಾಕಿಸಿದ ನನ್ನ ನೋಟ್ಸ್ ಇದೆ, ಒಂದು ಪ್ರತಿ ಕೊಟ್ಟು ಕರೆಸಿ. ಒಂದು ಮಗುವಿನ ಕಾಲೇಜಿನ ಪ್ರಶ್ನೆ," ಎಂದೆ ನಾನು.

"ಕೊಟ್ಟರೆ ಪಾಸಾಗ್ತಾಳೆ ಬಿಡಿ. ಆಮೇಲೆ? ನೀವು ಅವಳ ಹಿಂದೆ ಹಿಂದೆ ಪ್ರತಿ ಕ್ಲಾಸಿಗೂ ಹೋಗಿ ಕೊಡ್ತೀರಾ?"

ಹಟಮಾರಿ ಹೆಂಗಸು ಎಂದುಕೊಂಡೆ. ಆದರೆ ಆ ಸಂಜೆ ಅವರು ದಾರಿ ಬದಲಿಸಿ ಟೈಲರ್ ಅಂಗಡಿಯ ಕಡೆ ನಡೆದರು. ಜೊತೆಗೆ ನಾನೂ ಇದ್ದೆ.

ಒಬ್ಬರು ದಪ್ಪನೆಯ ಗಿರಾಕಿ ಕೈಚಾಚಿ ನಿಂತಿದ್ದರು. ಟೈಲರ್ ಟೇಪು ಹಿಡಿದು ಅವರ ಸುತ್ತ ಸುತ್ತುತ್ತ ಬಾಯಿಗೆ ಬಿಡುವು ಕೊಡದೆ ಮಾತಾಡುತ್ತಿದ್ದ. "ಭುಜ ಹದಿನೆಂಟು. ಹೋದ ಸಲ ಇಷ್ಟಿರಲಿಲ್ಲ, ಊಟ ಚೆನ್ನಾಗಿ ಆಗ್ತಿದೆ ಅನ್ನಿ. ತೋಳು ಇಪ್ಪತ್ನಾಲ್ಕು. ಎದುರುಗಡೆ ರಸ್ತೆ ಅಗೆದು ಹಾಕಿದಾರೆ ನೋಡಿ, ಮುಚ್ಚೋರು ಗತಿಯಿಲ್ಲ. ಸೊಂಟ ನಲವತ್ತು. ಅಣ್ಣಾ, ಹೊಟ್ಟೆ ಒಳಗೆ ಎಳ್ಕೋಬೇಡಿ, ನನ್ನ ಹತ್ರ ಏನು ನಾಚಿಕೆ? ನಲವತ್ತೆರಡು." ಕತ್ತರಿಸುವ ಮೇಜಿನ ಬಳಿ ಬೆನ್ನು ತಿರುಗಿಸಿ ನಿಂತಿದ್ದ ಮಗಳು ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದ ಬಿಲ್ಲೆಯಿಂದ ಅಂಕಿ ಗುರುತಿಸುತ್ತಿದ್ದಳು. ನಲವತ್ತನ್ನು ಬೆರಳಿನಿಂದ ಒರೆಸಿ ನಲವತ್ತೆರಡು ಮಾಡಿದಳು.

ಗಿರಾಕಿ ಹೋದ ಮೇಲೆ ಮೇಡಂ ಕೇಳಿದರು: "ನಿಮ್ಮಪ್ಪ ಅಷ್ಟೊತ್ತು ಮಾತಾಡಿದ್ರು. ನೀನು ಬರೆದದ್ದು ಮೂರು ಅಂಕಿ. ಉಳಿದದ್ದೆಲ್ಲ ಯಾಕೆ ಬರೀಲಿಲ್ಲ?"

"ಅಪ್ಪ ಹೇಳಿದ್ದೆಲ್ಲ ಬರೆದ್ರೆ ಬಟ್ಟೆ ಎಲ್ಲಿ ಉಳಿಯುತ್ತೆ ಮೇಡಂ?" ಎಂದವಳು, ಬಿಲ್ಲೆಯನ್ನು ಹಿಡಿದುಕೊಂಡೇ ತಾನು ಗುರುತಿಸಿದ್ದ ಅಂಕಿಗಳನ್ನು ಇನ್ನೊಮ್ಮೆ ನೋಡಿದಳು.

ಮೇಡಂ ವಿವರಿಸಲು ಹೋಗಲಿಲ್ಲ. ಕೋಟು ಕಳಚಿ ಮೇಜಿನ ಮೇಲಿಟ್ಟರು. "ತೋಳು ಗಿಡ್ಡ ಮಾಡ್ಬೇಕು."

"ನಾಳೆನೇ ಕೊಡ್ತೀವಿ ಮೇಡಂ," ಎಂದ ಟೈಲರ್.

"ನನಗೆ ಶನಿವಾರ ಬೇಕು. ಕ್ಲಾಸಿಗೆ ಇವಳೇ ತಂದುಕೊಡ್ಲಿ."

ತಂದುಕೊಟ್ಟಳು. ಅಂದಿನಿಂದ ತಪ್ಪಿಸಲಿಲ್ಲ. ಕೋಟು ಅವರಿಗೆ ಹೇಳಿ ಮಾಡಿಸಿದಂತೆ ಕೂತಿತು. ಇಷ್ಟು ಕಾಲ ಮಡಿಕೆಯಲ್ಲಿ ಅಡಗಿದ್ದ ಮಣಿಕಟ್ಟು ಮೊದಲ ಬಾರಿಗೆ ಹೊರಗೆ ಕಂಡಿತು. ಅದು ಎಷ್ಟು ಬಡವಾಗಿದೆ ಎಂದು ನನಗೆ ಗೊತ್ತಾದದ್ದೂ ಆಗಲೇ. ಕೇಳಿದರೆ, "ಟೈಲರ್ ಚೆನ್ನಾಗಿ ಹೊಲಿದಿದಾನೆ, ಅದಕ್ಕೇ ಹಾಗೆ ಕಾಣುತ್ತೆ," ಎಂದು ತೇಲಿಸಿದರು. ಕಾಯಿಲೆ ಹೊಟ್ಟೆಯಲ್ಲಿತ್ತು, ತುಂಬ ಮುಂದುವರಿದಿತ್ತು. ಪರೀಕ್ಷೆಗೆ ಕೆಲವೇ ವಾರಗಳಿರುವಾಗ ತೀರಿಕೊಂಡರು.

ಸ್ಟಾಫ್ ರೂಮಿನ ಮೊಳೆಗೆ ನೇತುಹಾಕಿದ್ದ ಕೋಟನ್ನು ಕೊಂಡೊಯ್ಯಲು ಅಣ್ಣ ಬಂದಿದ್ದರು. ಅಲ್ಲೇ ಒಮ್ಮೆ ಹಾಕಿಕೊಂಡು ನೋಡಿದರು. ತೋಳು ಗೇಣುದ್ದ ಗಿಡ್ಡವಾಗಿತ್ತು. ಕಳಚಿ, ಮಡಿಸಿ, ಚೀಲಕ್ಕೆ ಹಾಕಿಕೊಂಡರು.

ಉಳಿದ ಪಾಠ ಮುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಶನಿವಾರ ನನ್ನ ಅಭ್ಯಾಸದಂತೆ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ತಲೆಬರಹ ಬರೆದು, ಅಡಿಗೆರೆ ಎಳೆದು, ಮಕ್ಕಳತ್ತ ತಿರುಗಿದೆ. ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಟೈಲರ್ ಮಗಳು ಎದ್ದು ನಿಂತಳು.

"ಸರ್, ತಪ್ಪು ತಿಳ್ಕೋಬೇಡಿ. ನೀವು ಸ್ವಲ್ಪ ಹಿಂದೆ ಹೋಗ್ತೀರಾ? ಎದುರಿಗೆ ಇದ್ರೆ ಸರಿಯಾಗಿ ಕೇಳಿಸಲ್ಲ."

ಹೋದೆ. ಕೊನೆಯ ಬೆಂಚಿನ ಹಿಂದಿನ ಆ ಇಕ್ಕಟ್ಟಿನಲ್ಲಿ ನಿಂತು, ಅವರು ಇಷ್ಟು ವರ್ಷ ನೋಡಿದ್ದನ್ನು ನೋಡಿದೆ: ಸಾಲು ಸಾಲು ಬೆನ್ನು, ಜಡೆ, ಕಾಲರು. ಮಾತಾಡುತ್ತ ಹೋದೆ. ಬೇಕಾದ ಮಾತು ಬಂದಾಗ ತಲೆಗಳು ಬಾಗುತ್ತಿದ್ದವು, ಬೇಡವಾದದ್ದು ಬಂದಾಗ ಸುಮ್ಮನೆ ನೆಟ್ಟಗಿರುತ್ತಿದ್ದವು. ಪೂರೈಕೆಯ ನಿಯಮ ಹೇಳುತ್ತಿದ್ದವನು ದನಿ ಬದಲಿಸದೆ, "ಆ ಕಿಟಕಿ ಹಾಕಮ್ಮ, ಗಾಳಿ ಬರ್ತಿದೆ," ಎಂದೆ. ಒಂದು ಪೆನ್ನೂ ಅಲುಗಲಿಲ್ಲ. ಟೈಲರ್ ಮಗಳು ಎದ್ದು ಕಿಟಕಿ ಹಾಕಿ ಬಂದು ಕೂತಳು, ಹಿಂದಿರುಗಿ ನೋಡಲಿಲ್ಲ. ಅವಳ ಭುಜ ಒಮ್ಮೆ ಮೇಲೆದ್ದು ಇಳಿಯಿತು, ಅಷ್ಟೆ.

ಅವಳು ಪಾಸಾದಳು. ಭಾರಿ ಅಂಕವೇನಲ್ಲ, ಆದರೆ ಅಪ್ಪನಿಗೆ ಬೇಕಿದ್ದ ಉತ್ತರ ಸಿಕ್ಕಿತು. ಈಗ ನಮ್ಮ ಕಾಲೇಜಿನಲ್ಲೇ ಓದುತ್ತಿದ್ದಾಳೆ.

ಎದುರು ನಿಂತು ಕಲಿಸುವ ನಮ್ಮಂಥವರನ್ನು ಮಕ್ಕಳು ಬಹುಕಾಲ ನೆನೆಯುತ್ತಾರೆ. ನಮ್ಮ ಮುಖ, ಕೈಬರಹ, ಗದರಿಕೆ ಎಲ್ಲವೂ ಅವರಿಗೆ ಬಾಯಿಪಾಠ. ಹಿಂದೆ ನಿಂತು ಕಲಿಸುವವರ ಜಾತಿಯೇ ಬೇರೆ. ಅವರ ಮುಖ ಮಕ್ಕಳಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಅವರು ಕೊಠಡಿ ಬಿಟ್ಟು ಹೊರಟದ್ದು ಕೂಡ ಯಾರಿಗೂ ಥಟ್ಟನೆ ತಿಳಿಯುವುದಿಲ್ಲ, ಏಕೆಂದರೆ ಮುಂದೆ ಕೂತವರು ಆಗಲೂ ಬರೆಯುತ್ತಲೇ ಇರುತ್ತಾರೆ.