ಅತ್ತೆಯ ಕಾಲು

“ನೀನಾಗಿ ಫೇಲಾಗಿಲ್ಲ ಕಣಮ್ಮ. ನಿಮ್ಮತ್ತೆನೇ ಬೇಕಂತ ಫೇಲ್ ಮಾಡ್ಸಿದ್ದು.”

ಕಾರಿಗೆ ನೀರು ಹೊಡೆಯುತ್ತಿದ್ದ ಮಾವ ಇಷ್ಟು ಹೇಳಿ ನಾಲಿಗೆ ಕಚ್ಚಿಕೊಂಡ. ಚೂಟಿ ಅವನ ಕೈಯಿಂದ ಪೈಪು ಕಸಿದು ಕೆಳಗೆ ಎಸೆದಳು.

“ಬಿಡಿಸಿ ಹೇಳಿ ಮಾವ.”

ಬಿಡಿಸಿ ಹೇಳುವುದಕ್ಕೆ ಹೆಚ್ಚೇನೂ ಇರಲಿಲ್ಲ. ಅತ್ತೆಯ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಕ್ಲಚ್ಚು, ಬ್ರೇಕು ಇರುತ್ತಿದ್ದವು. ಲೈಸೆನ್ಸ್ ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಹೊರಗೆ ನಿಂತು ನೋಡುತ್ತಿದ್ದರೆ, ಪಕ್ಕದ ಸೀಟಿನಲ್ಲಿ ಅತ್ತೆ ದೇವರ ಹಾಗೆ ಮುಖ ಮಾಡಿಕೊಂಡು ಕೂತು ಕೆಳಗೆ ಕಾಲಾಡಿಸುತ್ತಿದ್ದಳು. ಏರಿನಲ್ಲಿ ಒಬ್ಬರ ಗಾಡಿಯೂ ಹಿಂದೆ ಜಾರಿದ್ದಿಲ್ಲ. ಮೊನ್ನೆ ತನ್ನ ಅಣ್ಣನ ಮಗಳು ಚೂಟಿಯ ಸರದಿ ಬಂದಾಗ ಮಾತ್ರ ಅತ್ತೆ ಚಪ್ಪಲಿ ಬಿಟ್ಟು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳಂತೆ. ಸ್ಟೇರಿಂಗನ್ನೇ ದಿಟ್ಟಿಸುತ್ತಿದ್ದ ಅವಳಿಗೆ ಅದು ಕಂಡಿರಲಿಲ್ಲ. ಗಾಡಿ ಹಿಂದಕ್ಕೆ ಜಾರಿ ಕಂಬಕ್ಕೆ ಗುದ್ದಿದ್ದು ಮಾತ್ರ ಗೊತ್ತಿತ್ತು.

ಆಸ್ಪತ್ರೆಯವರು ರಕ್ತದ ಸ್ಯಾಂಪಲ್ ಸಾಗಿಸುವ ವ್ಯಾನು ಓಡಿಸುವ ಕೆಲಸವನ್ನು ಅವಳಿಗಾಗಿ ಈ ವಾರದವರೆಗಷ್ಟೇ ಖಾಲಿ ಇಟ್ಟಿದ್ದರು.

ಅತ್ತೆ ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

“ಊರೋರಿಗೆಲ್ಲ ಕಾಲು ಕೊಟ್ರಿ, ನನಗೆ ಮಾತ್ರ ಕೈ ಕೊಟ್ರಲ್ಲ ಅತ್ತೆ.”

“ಹೇಳ್ಬಿಟ್ರಾ ಅವ್ರು? ಅವರ ಹೊಟ್ಟೇಲಿ ಸಾಸಿವೆ ಕಾಳೂ ನಿಲ್ಲಲ್ಲ.” ಅತ್ತೆ ತಲೆ ಎತ್ತಲಿಲ್ಲ. “ನಾಲ್ಕು ತಿಂಗಳಿಂದ ಆ ಏರು ಹತ್ತಿಸಿದ್ದು ನನ್ನ ಕಾಲು ಕಣೇ. ನೀನು ಸುಮ್ನೆ ಸ್ಟೇರಿಂಗ್ ಹಿಡ್ಕೊಂಡು ಮೆರೀತಿದ್ದೆ.”

“ಹಾಗಂತ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳಿದ್ರೆ ಕೇಳೋ ಮುಖಾನಾ ಇದು? ವ್ಯಾನು ಬೇಡ, ಈ ಕುರ್ಚೀಲಿ ಕೂತು ಸ್ಕೂಲು ನೋಡ್ಕೊ ಅಂತ ಬಡ್ಕೊಂಡೆ. ದಾರಿ ತೋರಿಸೋರು ಅಂದ್ರೆ ನಿನಗೆ ಶತ್ರುಗಳು.”

“ದಾರಿ ತೋರಿಸಲಿಲ್ಲ ನೀವು. ಅಡ್ಡ ಮಲಗಿದ್ರಿ. ಏಳಿ, ಬನ್ನಿ.”

ಚೂಟಿ ಅತ್ತೆಯನ್ನು ಪಕ್ಕ ಕೂರಿಸಿಕೊಂಡು ಮಾವನ ಕಾರನ್ನೇ ತೆಗೆದಳು. ಅದರಲ್ಲಿ ಪೆಡಲುಗಳು ಇದ್ದದ್ದು ಓಡಿಸುವವರ ಕಡೆ ಮಾತ್ರ. ಮಾರ್ಕೆಟ್ಟಿನ ಹಿಂದಿನ ಏರಿನಲ್ಲಿ ಗಾಡಿ ಮೊದಲ ಸಲ ಗಕ್ಕನೆ ನಿಂತುಹೋಯಿತು. ಎರಡನೆಯ ಸಲ ಸರ್ರನೆ ಹಿಂದೆ ಜಾರಿತು. ಹಿಂದಿದ್ದ ಸ್ಕೂಟರಿನವನು ಚೂಟಿಯ ವಂಶದವರನ್ನೆಲ್ಲ ನೆನೆದ. ಅತ್ತೆಯ ಕಾಲು ಬರಿ ಮ್ಯಾಟನ್ನು ದಬದಬ ತುಳಿಯುತ್ತಿತ್ತು.

“ತುಳೀರಿ ತುಳೀರಿ, ಮ್ಯಾಟಿನ ಧೂಳಾದ್ರೂ ಹೋಗ್ಲಿ,” ಎಂದಳು ಚೂಟಿ. ಮಾತು ಹಾಗಿದ್ದರೂ ಅತ್ತೆ ಹೇಳಿದ್ದು ನಿಜವೇ ಆಗಿತ್ತು. ಕ್ಲಚ್ಚು ಎಲ್ಲಿ ಕಚ್ಚುತ್ತದೆ ಎನ್ನುವುದು ಅವಳ ಕಾಲಿಗೆ ಈವರೆಗೆ ಗೊತ್ತೇ ಇರಲಿಲ್ಲ.

“ಸಾಕು, ಇಳಿ. ಕೊಲ್ತೀಯ ಯಾರನ್ನಾದ್ರೂ.”

“ಬಾಯ್ಮುಚ್ಕೊಂಡು ಕೂತ್ಕೊಳ್ಳಿ.”

ಅತ್ತೆಗೆ ಹಾಗೆ ಅಂದವರು ಇದುವರೆಗೆ ಯಾರೂ ಇರಲಿಲ್ಲ. ಅವಳು ನಿಜಕ್ಕೂ ಬಾಯಿ ಮುಚ್ಚಿದಳು. ಚೂಟಿ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟು, ಗಾಡಿಯ ಮೂತಿ ಸಣ್ಣಗೆ ಅದುರುವವರೆಗೆ ಕಾದು, ಬ್ರೇಕಿನಿಂದ ಕಾಲು ತೆಗೆದಳು. ಗಾಡಿ ಮುದುಕನ ಹಾಗೆ ಗೊಣಗುತ್ತಾ ಮೇಲೆ ಹತ್ತಿತು.

ಮೇಲೆ ನಿಲ್ಲಿಸಿ ಅತ್ತೆಯ ಕಡೆಯ ಬಾಗಿಲನ್ನು ತಾನೇ ಬಗ್ಗಿ ತೆರೆದಳು.

“ಇಳೀರಿ. ನಡ್ಕೊಂಡು ಹೋಗಿ.”

“ಒಂದ್ಸಲ ಹತ್ತಿದ್ದಕ್ಕೇ ಈ ಕೊಬ್ಬು. ನಾಳೆ ಜಾರಿದ್ರೆ ನನ್ನ ಹತ್ರ ಅಳ್ತಾ ಬರಬೇಡ.”

“ಸತ್ರೂ ಬರಲ್ಲ.”

ಅತ್ತೆ ಬಾಗಿಲನ್ನು ಧಡಾರನೆ ಹಾಕಿ, ಸೆರಗು ಕೊಡವಿಕೊಂಡು ಇಳಿಜಾರಿನಲ್ಲಿ ಹೊರಟಳು. ಚೂಟಿ ಇನ್‌ಸ್ಪೆಕ್ಟರಿಗೆ ಫೋನು ಮಾಡಿದಳು.

“ಮತ್ತೆ ಪರೀಕ್ಷೆನಾ? ಆ ಕಂಬಾನೇ ಇನ್ನೂ ನೆಟ್ಟಗೆ ಮಾಡಿಲ್ಲ ಕಣಮ್ಮ ನಾವು.”

“ಈ ಸಲ ಬೇರೆ ಗಾಡಿ ಸಾರ್. ಪಕ್ಕದ ಸೀಟಲ್ಲಿ ನೀವೇ ಕೂತ್ಕೊಳ್ಳಿ.”

ಆ ಕಡೆ ಡೈರಿಯ ಹಾಳೆ ಮಗುಚಿದ ಸದ್ದಾಯಿತು.

“ಬೆಳಿಗ್ಗೆ ಹತ್ತಕ್ಕೆ ಬಾ. ಏರಿನ ಕೆಳಗೆ ನಿಂತಿರ್ತೀನಿ, ಅಲ್ಲೇ ಹತ್ತಿಸ್ಕೊ.”